ಗುಬ್ಬಿಯ ಕೈಗಳು

ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಅಮ್ಮನಿಗೆ,

ನಿಮ್ಮ ಗುಬ್ಬಿಯ ಜೊತೆ ಓದಿದ ಲಂಬು ಬರೆಯುತ್ತಿದ್ದೇನೆ. ಹಾಸ್ಟೆಲಿನಿಂದ ರಜೆಗೆ ಬಂದಾಗಲೆಲ್ಲ ನಿಮ್ಮ ಅಡುಗೆಮನೆಯ ಬಾಗಿಲಿಗೆ ತಲೆ ಬಡಿಸಿಕೊಂಡು ನಿಮ್ಮಿಂದಲೇ ಬೈಸಿಕೊಳ್ಳುತ್ತಿದ್ದವಳು. ನಿಮ್ಮ ಕಾಗದ ಬಂದು ವಾರವಾಯಿತು. ಚಿಕ್ಕವಳೂ ನರ್ಸಿಂಗ್ ಓದುತ್ತೇನೆಂದು ಹಟ ಹಿಡಿದಿದ್ದಾಳೆ, ಅಕ್ಕನನ್ನು ಕೇಳೋಣವೆಂದರೆ ಫೋನೇ ಎತ್ತುವುದಿಲ್ಲ, ಅವಳು ಹೋಗಿರುವ ಆ ದೊಡ್ಡ ಕೋರ್ಸಿನಲ್ಲಿ ಅಷ್ಟೊಂದು ಓದಿರುತ್ತದೆಯೇ ಎಂದು ಕೇಳಿದ್ದೀರಿ. ಉತ್ತರ ಬರೆಯಲು ಕೂತು ಕೂತು ಎದ್ದುಹೋಗಿದ್ದೇನೆ.

ಅಮ್ಮಾ, ಗುಬ್ಬಿ ಯಾವ ಕೋರ್ಸಿಗೂ ಹೋಗಿಲ್ಲ. ನಮ್ಮ ಆಸ್ಪತ್ರೆಯಲ್ಲೇ ಇದ್ದಾಳೆ. ನಾನು ಕೆಲಸ ಮಾಡುವ ವಾರ್ಡಿನಲ್ಲಿ, ಕಿಟಕಿ ಪಕ್ಕದ ಮಂಚದಲ್ಲಿ. ನನ್ನದು ಮನೋರೋಗದ ವಾರ್ಡು ಎನ್ನುವುದು ನಿಮಗೆ ಗೊತ್ತು. ಸ್ವಲ್ಪ ನೀರು ಕುಡಿದು ಮುಂದಕ್ಕೆ ಓದಿ. ಜೀವಕ್ಕೇನೂ ಅಪಾಯವಿಲ್ಲ. ನಿಮಗೆ ತಿಳಿಸಲು ಅವಳು ನಿನ್ನೆಯಷ್ಟೇ ಒಪ್ಪಿದಳು. ಒಪ್ಪದಿದ್ದರೆ ನಾನು ಬಾಯಿ ಬಿಡುವ ಹಾಗಿರಲಿಲ್ಲ.

ನಾಲ್ಕು ವರ್ಷದ ಡಿಗ್ರಿಯಲ್ಲಿ ನಮ್ಮನ್ನು ಎಲ್ಲ ವಾರ್ಡುಗಳಿಗೂ ಕಳಿಸುತ್ತಿದ್ದರು. ಹೆರಿಗೆ, ಆಪರೇಷನ್ ಥಿಯೇಟರ್, ಡಯಾಲಿಸಿಸ್, ಎಲ್ಲ ಕಡೆಗೂ. ಬೇರೆಯವರು ಎಲ್ಲಿ ಕೆಲಸ ಬೇಗ ಸಿಗುತ್ತದೆಂದು ಯೋಚಿಸುತ್ತಿದ್ದಾಗ ಗುಬ್ಬಿ ದಿನ ತುಂಬದೆ ಹುಟ್ಟಿದ ಮಕ್ಕಳ ಕೋಣೆಗೆ ಹೋಗಿ, ಮನಸ್ಸನ್ನು ಅಲ್ಲೇ ಬಿಟ್ಟು ಬಂದಳು. ದಾರದಂಥ ನರಕ್ಕೆ ಸೂಜಿ ಹಾಕಲು ಈ ಹುಡುಗಿಯ ಬೆರಳೇ ಬೇಕು ಎಂದು ಅಲ್ಲಿನ ಹೆಡ್ ಸಿಸ್ಟರ್ ಹೇಳುತ್ತಿದ್ದರು. ಕೆಲವು ವರ್ಷ ಕೆಲಸ ಮಾಡಿದ ಮೇಲೆ ಅವಳು ಎಳೆಗೂಸುಗಳ ಆರೈಕೆಯ ವಿಶೇಷ ತರಬೇತಿಗೆ ಹೋದಳು, ನಾನು ಮನೋರೋಗದ್ದಕ್ಕೆ. “ಸುಮ್ನೆ ಕೂತ್ಕೊಂಡು ಕೇಳೋದಕ್ಕೂ ಪರೀಕ್ಷೆ ಇಡ್ತಾರಾ ನಿಮ್ಗೆ?” ಎಂದು ಛೇಡಿಸುತ್ತಿದ್ದಳು. ಇಡುತ್ತಾರೆ ಅಮ್ಮಾ. ಆ ಪರೀಕ್ಷೆಯಲ್ಲಿ ನಾನು ಮೊದಲನೆಯವಳಾಗಿ ಪಾಸಾಗಿದ್ದೆ. ಆದರೂ ಗುಬ್ಬಿ ಕ್ಯಾಂಟೀನಿನಲ್ಲಿ ಕೈಗವಸು ಹಾಕಿಕೊಂಡೇ ಊಟಕ್ಕೆ ಕೂತಾಗ ನಕ್ಕುಬಿಟ್ಟೆ.

ಆ ಕೈಗವಸಿಗೆ ಕಾರಣ ಒಂದು ಹೆಣ್ಣುಕೂಸು. ಅಂಗೈಯಗಲ ಇತ್ತು. ಅಪ್ಪ ವೆಲ್ಡರ್. ಕೆಲಸ ಮುಗಿಸಿ ಬಂದು, ಸುಟ್ಟ ಕಲೆಗಳ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಗಾಜಿನ ಪೆಟ್ಟಿಗೆಯ ಮುಂದೆ ನಿಲ್ಲುತ್ತಿದ್ದನಂತೆ. ಮುಟ್ಟಿ ಎಂದರೂ ಮುಟ್ಟುತ್ತಿರಲಿಲ್ಲ. ಕೂಸು ತೂಕ ಹಾಕಿಕೊಂಡು, ಪೆಟ್ಟಿಗೆಯಿಂದ ಹೊರಬಂದು, ಇನ್ನೇನು ಮನೆಗೆ ಹೋಗಬೇಕು ಎನ್ನುವಾಗ ರಕ್ತಕ್ಕೆ ನಂಜೇರಿತು. ಗುಬ್ಬಿಯ ಪಾಳಿಯಲ್ಲೇ ಹೋಯಿತು. ಆ ವೆಲ್ಡರ್ ಜಗಳವಾಡಲಿಲ್ಲ, ಕೂಗಾಡಲಿಲ್ಲ. ಅರ್ಥವಾಗದವನಂತೆ ಕೇಳಿದ: “ಸಿಸ್ಟರ್, ನೀವೆಲ್ಲ ಇಷ್ಟು ಸಲ ಕೈ ತೊಳೀತೀರಲ್ಲ, ಮತ್ತೆ ನಂಜು ಎಲ್ಲಿಂದ ಬಂತು?”

ಅವತ್ತಿನಿಂದ ಇವಳು ತೊಳೆಯತೊಡಗಿದಳು. ಎಲ್ಲರ ಕೈಗಳನ್ನೂ ಪರೀಕ್ಷೆ ಮಾಡಿಸಿದರು, ಯಾರ ಕೈಯಲ್ಲೂ ಏನೂ ಸಿಗಲಿಲ್ಲ. “ಆ ರಿಪೋರ್ಟಿಗೇನು ಗೊತ್ತು” ಎನ್ನುತ್ತಿದ್ದಳು. ಚರ್ಮ ಬಿರಿಯುವವರೆಗೆ ತೊಳೆದಳು. ಕೈಯಲ್ಲಿ ಗಾಯವಿದ್ದವರು ಕೂಸುಗಳನ್ನು ಮುಟ್ಟುವ ಹಾಗಿಲ್ಲ, ಅದು ಅಲ್ಲಿನ ನಿಯಮ. ರಜೆ ಕೊಟ್ಟರೂ ಯೂನಿಫಾರ್ಮ್ ತೊಟ್ಟು ಬಂದು ಗಾಜಿನಾಚೆ ನಿಲ್ಲುತ್ತಿದ್ದಳು. ಕೊನೆಗೆ ಹೆಡ್ ಸಿಸ್ಟರ್ ಅವಳ ಮೊಣಕೈ ಹಿಡಿದು ಮೆಟ್ಟಿಲಿಳಿಸಿ ನಮ್ಮ ವಾರ್ಡಿಗೆ ಕರೆತಂದರು. “ನೋಡಮ್ಮ, ಇವಳು ನಿನ್ನ ಗೆಳತಿ. ಇದು ನಮ್ಮ ಕೈ ಮೀರಿದ್ದು” ಎಂದು ಹೇಳಿ, ಅಲ್ಲೇ ಬೆಂಚಿನ ಮೇಲೆ ಕೂತು ಅತ್ತರು. ಗುಬ್ಬಿ ಅಳಲಿಲ್ಲ. ನಲ್ಲಿ ಎಲ್ಲಿದೆ ಎಂದು ಕೇಳಿದಳು.

ಅವಳು ನಿಮಗೆ ಹೇಳಿದ ಕೋರ್ಸಿನ ಸುಳ್ಳು ಆಮೇಲಿನದು. ನೀವು ಬೀದಿಗೆಲ್ಲ ಸುದ್ದಿ ಹೇಳಿದಿರೆಂದು ತಿಳಿದ ದಿನ ಅವಳು ತುತ್ತು ಮುಟ್ಟಲಿಲ್ಲ.

ಈಗ ಮಾತ್ರೆ ನಡೆಯುತ್ತಿದೆ. ಕೈಗೆ ಮುಲಾಮು ಹಚ್ಚಿ ಬಟ್ಟೆ ಸುತ್ತುತ್ತೇವೆ. ದಿನಾ ಬಾಗಿಲ ಹಿಡಿಯನ್ನೋ ಕುರ್ಚಿಯನ್ನೋ ಮುಟ್ಟಿಸಿ, ತೊಳೆಯಲು ಬಿಡದೆ ಪಕ್ಕದಲ್ಲಿ ಕೂರುತ್ತೇನೆ. ಬೆವರುತ್ತಾಳೆ, ನನ್ನನ್ನು ಬಾಯಿಗೆ ಬಂದಂತೆ ಬೈಯುತ್ತಾಳೆ. ಆ ಬೈಗುಳ ಯಾರ ಮನೆಯದೆಂದು ನನಗೆ ಚೆನ್ನಾಗಿ ಗೊತ್ತು. ಊಟ ಸೇರುತ್ತಿದೆ. ರಾತ್ರಿ ಚೆನ್ನಾಗಿ ನಿದ್ದೆ ಮಾಡುತ್ತಾಳೆ, ನಾನೇ ನೋಡಿದ್ದೇನೆ. ಮತ್ತೆ ಆ ಕೋಣೆಗೆ ಹೋಗುತ್ತಾಳೋ ಇಲ್ಲವೋ, ಡಾಕ್ಟರಿಗೂ ಹೇಳಲು ಬರುವುದಿಲ್ಲ. ನೀವು ಈಗಲೇ ಗಾಬರಿಯಿಂದ ಹೊರಡಬೇಡಿ. ಇನ್ನೊಂದು ತಿಂಗಳು ಕಳೆಯಲಿ.

ಚಿಕ್ಕವಳ ವಿಷಯ. ಸೇರುವುದಾದರೆ ನೇರವಾಗಿ ಡಿಗ್ರಿಗೇ ಸೇರಲಿ. ಡಿಪ್ಲೊಮಾ ಮುಗಿಸಿದವರೂ ಮುಂದೆ ಓದಬಹುದು, ಆದರೆ ಅದು ಸುತ್ತುಬಳಸಿನ ದಾರಿ. ಯಾವ ವಿಭಾಗವೆಂದು ಈಗಲೇ ಪೀಡಿಸಬೇಡಿ, ಎಲ್ಲ ಕಡೆ ನಿಂತು ನೋಡಲಿ. ಸೇರಬೇಕೋ ಬೇಡವೋ ಎನ್ನುವುದನ್ನು ಮಾತ್ರ ನನ್ನನ್ನು ಕೇಳಬೇಡಿ.

ಇದನ್ನು ಗುಬ್ಬಿಗೆ ಓದಲು ಕೊಡುತ್ತೇನೆ. ಲಕೋಟೆ ಅವಳೇ ಅಂಟಿಸುತ್ತಾಳೆ. ಗೋಂದು ಮುಟ್ಟಿ ಕೈ ತೊಳೆಯದಿರುವುದೂ ಅವಳಿಗೊಂದು ಅಭ್ಯಾಸ.

ನಿಮ್ಮ ಎರಡನೇ ಮಗಳೆಂದೇ ತಿಳಿದುಕೊಂಡಿರುವ,
ಲಂಬು

ಮತ್ತೆ: ಅಮ್ಮಾ, ನಾನು ಗುಬ್ಬಿ. ಕೈಗೆ ಬಟ್ಟೆ ಸುತ್ತಿದ್ದಾರೆ, ಅಕ್ಷರ ಸೊಟ್ಟಗಿದೆ. ಲಂಬು ಮಾತ್ರೆ ಹಂಚಲು ಹೋಗಿದ್ದಾಳೆ. ಬರೆದಿರುವುದೆಲ್ಲ ನಿಜ, ನಿದ್ದೆಯೊಂದು ಬಿಟ್ಟು. ಅವಳು ಬರುವ ಸದ್ದಾದರೆ ಕಣ್ಣು ಮುಚ್ಚಿಕೊಳ್ಳುತ್ತೇನೆ. ಪಾಪ, ಹೊದಿಕೆ ಸರಿಮಾಡಿ ನೆಮ್ಮದಿಯಾಗಿ ಹೋಗುತ್ತಾಳೆ. ತಿಂಗಳು ಕಾಯಬೇಡ. ಇದು ಕೈಸೇರಿದ ದಿನವೇ ಹೊರಟು ಬಾ.