ಹಾಸ್ಟೆಲಿಗೆ ಬಂದ ಲಕ್ಷ್ಮಿಚೇಳು

ಕೊಪ್ಪಳ, ೧೯೮೩

ಅವ್ವಾ,

ನೀನಿದ್ದಾಗ ನನ್ನ ಪತ್ರಗಳನ್ನು ಯಾರಾದರೂ ಓದಿ ಹೇಳಬೇಕಿತ್ತು. ಈಗ ನೀನೇ ಇಲ್ಲ, ಆದರೂ ಬರೆಯುತ್ತಿದ್ದೇನೆ.

ಇವತ್ತು ಮುಂಜಾನೆ ಬಚ್ಚಲ ಕಡೆಯಿಂದ ಜರಿಹುಳದಂಥ ಲಕ್ಷ್ಮಿಚೇಳೊಂದು ತನ್ನ ಅಷ್ಟೂ ಕಾಲು ಎತ್ತಿಹಾಕುತ್ತ ನಮ್ಮ ಕೋಣೆಗೆ ಓಡಿಬಂತು. ಜೊತೆಗಿರುವ ನೂರಜಾನಬಿ ಚಪ್ಪಲಿ ಎತ್ತಿದಳು.

"ಹೊಡೀಬ್ಯಾಡ, ನಮ್ಮವ್ವ ಇದು ಲಕ್ಷ್ಮಿ ಅಂತ ಕುಂಕುಮ ಹಾಕತಿದ್ಲು" ಎಂದೆ.

"ಹಂಗಾರ ನೀನೂ ಹಾಕು" ಎಂದಳು.

ಮನೆಯಲ್ಲಿ ನಾನೊಮ್ಮೆ ಇಂಥದ್ದನ್ನೇ ಪೊರಕೆಯಿಂದ ಬಡಿದಾಗ ನೀನು ಬೈಯಲಿಲ್ಲ. ಅದು ಸತ್ತ ಜಾಗಕ್ಕೆ ಕುಂಕುಮ ಹಾಕಿದೆ. ನಾನು ನಕ್ಕಿದ್ದೆ.

ನೀನು ನನ್ನ ಟ್ರಂಕಿನಲ್ಲಿಟ್ಟು ಕಳಿಸಿದ ಕುಂಕುಮದ ಡಬ್ಬಿಯನ್ನು ಇವತ್ತೇ ಮೊದಲು ತೆರೆದೆ. ಚಿಟಿಕೆ ಉದುರಿಸಿದೆ. ಹುಳ ಕೆಂಪಾಗಿ ನೂರಜಾನಬಿಯ ಮಂಚದಡಿ ಸೇರಿತು.

"ನಿಮ್ಮ ಲಕ್ಷ್ಮಿ ನನ್ನ ಕಡೀಗೆ ಬಂದ್ಲು. ಈ ಸಲ ಪಾಸಾದಂಗ ಬಿಡು" ಎಂದು ನಕ್ಕಳು.

ಡಬ್ಬಿಯನ್ನು ಮತ್ತೆ ಟ್ರಂಕಿಗೆ ಹಾಕಿಲ್ಲ ಅವ್ವಾ. ಕಿಟಕಿಯಲ್ಲಿಟ್ಟಿದ್ದೇನೆ, ಕೈಗೆ ಸಿಗುವಂತೆ.

ನಿನ್ನ ಯಮನೂರಿ