ಚಾದರದ ಮೂಲೆ

ಮಾರ್ಚ್ ೧೪, ಶುಕ್ರವಾರ

ಪ್ರೀತಿಯ ಅಕ್ಕ,

ಹೇಗಿದ್ದೀಯ? ಭಾವನ ಬೆನ್ನುನೋವು ಕಡಿಮೆಯಾಯಿತೇ? ನಾಲ್ಕು ತಿಂಗಳಿಂದ ನಿನಗೆ ಒಂದು ಸಾಲೂ ಬರೆದಿಲ್ಲ. ದಿನವಿಡೀ ನಟರಿಗೆ ಅವರವರ ಮಾತು ನಕಲು ಮಾಡಿಕೊಟ್ಟು ಕೈ ಸೋತಿತ್ತು ಎಂದು ನೆಪ ಹೇಳಬಹುದು. ನೀನು ನಂಬುವುದಿಲ್ಲ. ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟ ನನ್ನ ಅಕ್ಷರ ತಿದ್ದಿದವಳು ನೀನು. ಸುಳ್ಳು ಬರೆಯುವಾಗ ಅದು ಹೇಗೆ ಓರೆಯಾಗುತ್ತದೆಂದು ನಿನಗೆ ಗೊತ್ತು.

ಮೊದಲು ಸುದ್ದಿ. ಕೂತುಕೊಂಡು ಓದು. ನಮ್ಮ ಮಂಡಳಿಯವರು ನಿನ್ನ ನಾಟಕ ಆಡಬೇಕೆನ್ನುತ್ತಿದ್ದಾರೆ. ಹೋದ ವರ್ಷ ಬೇಡವೆಂದು ಹಿಂದಿರುಗಿಸಿದ ಅದೇ ನಾಟಕ!

ಇಲ್ಲಿ ನಾಟಕ ಆರಿಸುವ ರೀತಿ ನಿನಗೆ ನೆನಪಿರಬೇಕು. ಯಜಮಾನರು ಓದುವುದಿಲ್ಲ. ರಂಗದ ಹಿಂದಿನ ಷೆಡ್ಡಿನಲ್ಲಿ ಬಡಗಿ ಮಾವ ಮೊಳೆ ಹೊಡೆಯುತ್ತಿರುವಾಗ ಕತೆಯನ್ನು ಬಾಯಲ್ಲಿ ಹೇಳಬೇಕು. ಸುತ್ತಿಗೆ ನಿಂತರೆ ನಾಟಕ ಗೆದ್ದಿತು. ಹೋದ ವರ್ಷ ನಾನು ಬರೆದ ನಾಟಕಕ್ಕೆ ನಿಂತಿತು. ಕಳೆದುಹೋದ ತಮ್ಮ, ಅದಲುಬದಲಾದ ಪೆಟ್ಟಿಗೆ, ಕೊನೆಗೆ ನೋಡಿದರೆ ಕಳ್ಳನೇ ತಮ್ಮ. "ಆಮೇಲೆ? ಆಮೇಲೆ?" ಎಂದು ಮಾವ ಪ್ರಾಣ ತಿಂದರು. ನಿನ್ನದಕ್ಕೆ "ಅಷ್ಟೇನಾ?" ಎಂದು ಮುಂದಿನ ಮೊಳೆ ಹೊಡೆದರು.

ನನ್ನ ನಾಟಕದ ಮೊದಲ ದಿನ ಜನ ಬೆಂಚಿನ ತುದಿಗೆ ಬಂದು ಕೂತಿದ್ದರು. ಎರಡನೆಯ ವಾರಕ್ಕೆ ಅರ್ಧ ಬೆಂಚು ಖಾಲಿ. ನಮ್ಮ ಹಿರಿಯ ನಟಿಯನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತೇವೆ. ಅವರು ಮುಖದ ಬಣ್ಣ ಒರೆಸಿಕೊಳ್ಳುತ್ತಾ ಅಂದರು: "ಏ ಪಿಸುಗುಟ್ಟಿ, ಕಳ್ಳ ಯಾರು ಅಂತ ಊರಿಗೆಲ್ಲ ಗೊತ್ತಾಯ್ತು. ಇನ್ನು ನಿನ್ನ ಮಾತಲ್ಲಿ ಜಗಿಯೋಕೆ ಏನಿದೆ ಹೇಳು? ಬರೀ ನಾರು." ಪರದೆ ಪಕ್ಕ ನಿಂತು ಮರೆತ ಮಾತನ್ನು ಪಿಸುಗುಟ್ಟುವವಳು ನಾನಲ್ಲವೇ, ಅದಕ್ಕೇ ಆ ಹೆಸರು. ಅಳು ಬಂತು. ಅವರು ಹೇಳಿದ್ದು ಸರಿ ಎಂದೂ ಅನ್ನಿಸಿತು.

ಮರುದಿನ ಷೆಡ್ಡಿನ ಮೂಲೆಯಲ್ಲಿ ಕೂತು ನಿನ್ನ ನಾಟಕ ತೆಗೆದೆ. ಹಿಂದಿರುಗಿಸುವ ಮುಂಚೆ ನಕಲು ಮಾಡಿಟ್ಟುಕೊಂಡಿದ್ದೆ. ಯಾರಿಗೂ ಕೇಳಿಸಲೆಂದಲ್ಲ, ನನ್ನಷ್ಟಕ್ಕೆ ಓದಿಕೊಳ್ಳುತ್ತಿದ್ದೆ. ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಆ ಹಿರಿಯವಳೂ ಹುಡುಗಿಯೂ ಚಾದರ ಮಡಚುತ್ತಾ ಇರುತ್ತಾರಲ್ಲ, ಹಿರಿಯವಳು ಕೇಳುವ ಆ ಜಾಗ.

"ನಾಳೆಯಿಂದ ನೀನು ಬರಲ್ವಂತೆ?"

"ಚಾದರ ಸರಿಯಾಗಿ ಹಿಡ್ಕೊ."

"ಹಿಡ್ಕೊಂಡೇ ಇದೀನಿ. ನಿನ್ನ ಮೂಲೆ ನೀನು ಬಿಟ್ರೆ ನನ್ನ ಕೈಲಿ ಉಳಿಯೋದು ಚಾದರ ಅಲ್ಲ ಕಣೇ, ಬರೀ ಭಾರ."

ಸುತ್ತಿಗೆಯ ಸದ್ದು ನಿಂತಿತ್ತು. ತಲೆಯೆತ್ತಿದರೆ ಮಾವ ಬಾಯಲ್ಲಿ ಕಚ್ಚಿಕೊಂಡಿದ್ದ ಮೊಳೆಗಳನ್ನು ಅಂಗೈಗೆ ಉಗಿದು ನನ್ನನ್ನೇ ನೋಡುತ್ತಿದ್ದರು.

"ಇನ್ನೊಂದ್ಸಲ ಓದು."

"ಯಾವುದು ಮಾವ?"

"ಅದೇ, ಭಾರ ಅಂದ್ಲಲ್ಲ."

'ಆಮೇಲೆ' ಅನ್ನಲಿಲ್ಲ ಅಕ್ಕ, 'ಇನ್ನೊಂದ್ಸಲ' ಅಂದರು. ಮೂರು ಸಲ ಓದಿದೆ. ಕೆಲಸ ಯಾಕೆ ನಿಂತಿತೆಂದು ಬೈಯಲು ಬಂದ ಯಜಮಾನರು ಬಾಗಿಲಲ್ಲೇ ನಿಂತುಬಿಟ್ಟರು. "ಕತೆಗೆ ಜನ ಒಂದ್ಸಲ ಬರ್ತಾರೆ. ಇಂಥ ಮಾತಿಗೆ ಮತ್ತೆ ಬರ್ತಾರೆ" ಅಂದರು. ಮಾವ ಒಪ್ಪಲಿಲ್ಲ: "ಇದರಲ್ಲಿ ಕತೆ ಇಲ್ಲ ಅಂದೋರು ಯಾರು? ಆ ಹುಡುಗಿ ಹೋಗ್ತಾಳೋ ಇರ್ತಾಳೋ ಅಂತ ನನ್ನ ಎದೆ ಹೊಡ್ಕೊಳ್ತಾ ಇತ್ತು. ಕತೆ ಮಾತಿನ ಒಳಗಿದೆ. ಹೊರಗೆ ಎಳೆದ್ರೆ ಸತ್ತೋಗುತ್ತೆ." ದೊಡ್ಡಮ್ಮ ಮಾತ್ರ, "ಹಿರಿಯವಳ ಪಾತ್ರ ನಂದು. ಯಾರಾದ್ರೂ ಬಾಯಿ ಹಾಕಿದ್ರೆ ನೋಡಿ!" ಎಂದು ಕಾಗದ ಕಿತ್ತುಕೊಂಡು ಹೋದರು.

ದಿನವೂ ದುಡಿಯುವ ಆ ಬಟ್ಟೆ ಕೋಣೆಯ ಹಬೆಯಲ್ಲಿ ನಿಂತು ಅಂಥ ಮಾತು ಹೇಗೆ ಕೇಳಿಸಿಕೊಂಡೆ ನೀನು? ನಾನು ಮೂರು ಅಂಕ ಓಡಿಸಿ ಮುಟ್ಟದ ಜಾಗವನ್ನು ನೀನು ಕೂತಲ್ಲೇ ಮುಟ್ಟಿದ್ದೀಯ. ನಾಟಕ ಹಿಂದೆ ಬಂದಾಗ "ಬಿಡು, ನನಗೆ ಬಟ್ಟೆ ಮಡಚೋಕೆ ಮಾತ್ರ ಬರುತ್ತೆ" ಎಂದು ಬರೆದು ಲೇಖನಿ ಇಟ್ಟುಬಿಟ್ಟೆಯಲ್ಲ, ಆ ಕಾಗದ ನನ್ನ ದಿಂಬಿನ ಕೆಳಗಿದೆ. ದಯವಿಟ್ಟು ಮತ್ತೆ ಬರೆ. ನಾಟಕಕ್ಕೆ ಒಪ್ಪಿಗೆ ಕಳಿಸು.

ಪುಟ್ಟಿಗೆ ಮುತ್ತು. ಅವಳ ಅಕ್ಷರವೂ ನಿನ್ನದರಂತೆ ದುಂಡಗಾಗಲಿ. ನಿನ್ನ ಕೈ ನನ್ನ ತಲೆಯ ಮೇಲಿರಲಿ.

ನಿನ್ನ ತಂಗಿ,
ಪಿಸುಗುಟ್ಟಿ

ಇದು ಮರೆತು ಉಳಿದದ್ದಲ್ಲ, ಬರೆಯಲಾಗದೆ ಉಳಿಸಿಕೊಂಡದ್ದು: ಹೋದ ವರ್ಷ ಷೆಡ್ಡಿನಲ್ಲಿ ಎರಡು ಕತೆಗಳನ್ನೂ ಹೇಳಿದವಳು ನಾನೇ. ಒಂದೇ ನಾಟಕಕ್ಕೆ ಜಾಗವಿತ್ತು. ನನ್ನದನ್ನು ಎರಡು ಲೋಟ ಟೀ ಆರುವಷ್ಟು ಹೊತ್ತು ಹೇಳಿದೆ. ನಿನ್ನದಕ್ಕೆ, "ಇಬ್ಬರು ಹೆಂಗಸರು ಬಟ್ಟೆ ಮಡಚ್ತಾರೆ ಮಾವ" ಎಂದು ಸುಮ್ಮನಾದೆ. "ಕೈಲಾದಷ್ಟು ಹೇಳಿದೆ" ಎಂದು ನಿನಗೆ ಬರೆದೆ. ನಕಲು ಮಾಡಿಕೊಂಡದ್ದು ಷೆಡ್ಡಿನಲ್ಲಿ ಕತೆ ಹೇಳುವ ಹಿಂದಿನ ದಿನ. ಕೆಟ್ಟ ನಾಟಕವನ್ನು ಯಾರೂ ತಮಗಾಗಿ ನಕಲು ಮಾಡಿಕೊಳ್ಳುವುದಿಲ್ಲ ಅಕ್ಕ. ಗೊತ್ತಿದ್ದೇ ನನ್ನ ಮೂಲೆ ಬಿಟ್ಟೆ.