ಚಿಂಚೋಳಿಯ ಖಾಲಿ ಕಾಲಂ

ಮಾರ್ಚ್ ೧, ೨೦೨೪. ಸಂಜೆ ೬

ಮತ್ತೆ ಚಿಂಚೋಳಿಯದೇ ತಕರಾರು! ಟ್ರಸ್ಟಿನ ಉಳಿದ ನಾಲ್ಕು ದವಾಖಾನೆ ಸರಾಗ. ಸೇಡಂ, ಚಿತ್ತಾಪುರದಲ್ಲಿ ಡೇಟಾಬೇಸ್. ವಾಡಿ, ಶಹಾಬಾದದಲ್ಲಿ ಎಕ್ಸೆಲ್. ಚಿಂಚೋಳಿಯಲ್ಲಿ ಮಾತ್ರ ಅಜ್ಜನ ಕಾಲದ ಸಾಫ್ಟ್‌ವೇರ್. ಒಂದೊಂದಕ್ಕೂ ಒಂದೊಂದು ಅಡಾಪ್ಟರ್ (ಅಲ್ಲಿನ ಮಾಹಿತಿಯನ್ನು ನಮ್ಮ ಸ್ಕ್ರೀನಿಗೆ ಹೊಂದಿಸುವ ಕೋಡ್) ಬರೆದಿದ್ದೇನೆ — ಡಾಕ್ಟರು ಹೆಸರು ಹೊಡೆದರೆ ಸಾಕು, ಯಾವ ಊರಿನ ರೋಗಿಯ ವಿವರವಾದರೂ ಒಂದೇ ಥರ ಕಾಣಬೇಕು.

ಚಿಂಚೋಳಿಯ ಅಲರ್ಜಿ ಕಾಲಂ ಪೂರ್ತಿ ಖಾಲಿ. ಸ್ಕ್ರೀನಿಗೆ ‘ಇದೆ’ ಅಥವಾ ‘ಇಲ್ಲ’ ಬೇಕೇ ಬೇಕು. ಮ್ಯಾನೇಜರ್ ಮಹೇಶಕುಮಾರ ಸರ್ ಬೆನ್ನು ಬಿಡುತ್ತಿಲ್ಲ.

“ಸೋಮವಾರ ಚಾಲೂ ಆಗ್ಬೇಕ್ ನೋಡ್ರಿ ಮಿತ್ರಾ ಮೇಡಂ.”

ಖಾಲಿ ಇದ್ದರೆ ‘ಇಲ್ಲ’ ಅಂತ ಹಾಕಿದೆ. ಇದ್ದಿದ್ದರೆ ಯಾರಾದರೂ ತುಂಬುತ್ತಿರಲಿಲ್ಲವೇ? ಒಂದೇ ಸಾಲಿನ ಕೋಡ್. ಚಹಾ ಕುಡಿದೆ.

ಮಾರ್ಚ್ ೪

ಚಾಲೂ ಆಯ್ತು! ಸರ್ ಪೇಢೆ ಹಂಚಿದರು. ನಾಚಿಕೆ ಬಿಟ್ಟು ಎರಡು ತಿಂದೆ.

ಮಾರ್ಚ್ ೧೯. ಮಧ್ಯಾಹ್ನ ೩

ಚಿಂಚೋಳಿಯ ನಮ್ಮ ಮಾಣಿಕಮ್ಮ ಕಾಕಿ ಶಹಾಬಾದಕ್ಕೆ ಮಗಳ ಮನೆಗೆ ಬಂದಿದ್ದಳು. ಕಾಲಿನ ಗಾಯಕ್ಕೆ ಅಲ್ಲಿನ ನಮ್ಮದೇ ದವಾಖಾನೆಗೆ ಹೋಗಿದ್ದಾಳೆ. ಪೆನಿಸಿಲಿನ್ ಇಂಜೆಕ್ಷನ್ ಕೊಟ್ಟಿದ್ದಾರೆ. ಐದು ನಿಮಿಷಕ್ಕೆ ಉಸಿರು ಕಟ್ಟಿದೆ. ಈಗ ಕಲಬುರಗಿಯಲ್ಲಿ, ಐಸಿಯುನಲ್ಲಿ...

ಚಿಂಚೋಳಿಯ ಸಿಸ್ಟರ್ ನಜಮುನ್ನೀಸಾಗೆ ಫೋನ್ ಮಾಡಿದೆ.

“ಆಕಿಗಿ ಪೆನ್ಸಿಲಿನ್ ಆಗಂಗಿಲ್ರೀ! ಇಲ್ಲಿ ಆಕಿ ಕಾರ್ಡಿನ ಮ್ಯಾಲ ಕೆಂಪು ಪೆನ್ನಿಲೆ ದೊಡ್ಡದಾಗಿ ಬರ್ದೀನಿ.”

“ಕಂಪ್ಯೂಟರ್‌ನ್ಯಾಗ?”

“ಅದ್ರಾಗ ಯಾರ್ ಹಾಕ್ತಾರ್ರೀ? ನಾವು ಮೊದ್ಲಿಂದ ಕಾರ್ಡೇ ನೋಡ್ತೀವಿ.”

ಫೋನ್ ಇಟ್ಟು ಪಟ್ಟಿ ತೆರೆದೆ. ಚಿಂಚೋಳಿಯ ೨,೩೧೪ ಜನ. ಎಲ್ಲರ ಮುಂದೆಯೂ ‘ಇಲ್ಲ’. ಅಲ್ಲಿ ಯಾರೂ ಹಾಗೆ ಬರೆದಿರಲಿಲ್ಲ. ಬರೆದವಳು ನಾನು.

೩.೪೦

ಬದಲಿಸಿದೆ: ‘ಗೊತ್ತಿಲ್ಲ — ಚಿಂಚೋಳಿಯ ಕಾರ್ಡ್ ನೋಡಿ.’ ಎರಡು ನಿಮಿಷದ ಕೆಲಸ. ಎರಡೇ ನಿಮಿಷ! ಅವತ್ತು ಯಾಕೆ ಹೊಳೆಯಲಿಲ್ಲ? ನನ್ನ ಮೇಲೆ ನನಗೇ ಹೇಸಿಗೆ.

ಮಾರ್ಚ್ ೨೨

ಕಾಕಿ ಉಳಿದಳು. ನಿನ್ನೆ ವಾರ್ಡಿಗೆ ತಂದಿದ್ದಾರೆ. ತಪ್ಪು ಒಪ್ಪಿಕೊಳ್ಳಬೇಕೆಂದೇ ಹೋದೆ. ನನ್ನ ಕೈ ಹಿಡಿದು ಪಕ್ಕದ ಮಂಚದವಳಿಗೆ ಹೇಳುತ್ತಿದ್ದಾಳೆ:

“ಶಹಾಬಾದದ ಸಿಸ್ಟರ್ ಕೇಳಿದ್ಳವ್ವಾ, ಯಾವ್ದಾರ ಔಷಧ ಆಗಂಗಿಲ್ಲೇನು ಅಂತ. ಹೆಸ್ರು ನಾಲಿಗಿ ತುದಿಗೇ ಇತ್ತು. ಹೇಳ್ಲಿಲ್ಲ. ನಮ್ ಮಿತ್ರಾ ಎಲ್ಲಾ ಕಂಪ್ಯೂಟರ್‌ನ್ಯಾಗ ಹಾಕ್ಯಾಳ, ಅದ್ರಾಗೇ ನೋಡು ಅಂದೆ. ಭಾಳ ಜಂಬ ನೋಡು ನಂದು!”

ನಕ್ಕಳು. ಕೆಮ್ಮು ಬಂತು. ನೀರು ಕುಡಿಸಿದೆ. ಆಮೇಲೆ ನನ್ನ ಕಡೆ ತಿರುಗಿದಳು.

“ಆಕಿ ನೀ ಬರ್ದಿದ್ದು ನೋಡ್ಲೇ ಇಲ್ಲೇನವ್ವಾ?”

ನೋಡಿದಳು, ಕಾಕಿ. ನೋಡಿಯೇ ಇಂಜೆಕ್ಷನ್ ಕೊಟ್ಟಳು. ಅಲ್ಲಿ ನಾನು ‘ಇಲ್ಲ’ ಅಂತ ಬರೆದಿದ್ದೆ.